ಕಾಜ ಎಡಕ್ಕೆ, ಗುಂಡಿ ಬಲಕ್ಕೆ

ಹುಡುಗ ಎಡಚನಾಗಿರಲಿಲ್ಲ, ಫೋಟೋ ತಿರುವಿತ್ತು. ನಡೆದದ್ದು ಇಷ್ಟೇ. ಇದರಲ್ಲಿ ಪ್ರೇಮವೂ ಇಲ್ಲ, ದೇವರ ಆಟವೂ ಇಲ್ಲ. ಆದರೆ ನಮ್ಮ ಮನೆಯಲ್ಲಿ ಮದುವೆ, ತೊಟ್ಟಿಲು, ಏನೇ ಕಾರ್ಯವಾಗಲಿ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕುಳಿತಾಗ ಯಾರಾದರೊಬ್ಬರು “ಅಜ್ಜಿ ಅಜ್ಜನ ಫೋಟೋ ನೋಡಿ ಮರುಳಾದ ಕಥಿ” ಎಂದು ಶುರು ಮಾಡುತ್ತಾರೆ. ನಾನು ಅಲ್ಲೇ ಕುಳಿತಿರುತ್ತೇನೆ. ನನ್ನನ್ನು ಯಾರೂ ಕೇಳುವುದಿಲ್ಲ. ನೀವಾದರೂ ಕೇಳಿ. ನಾನು ಆ ಫೋಟೋದಲ್ಲಿ ನೋಡಿದ್ದು ಗುಂಡಿ. ಕೋಟಿನ ಗುಂಡಿ. ಮರುಳಾಗುವಂಥ ಗುಂಡಿಯೂ ಅವಾಗಿರಲಿಲ್ಲ. ಸಾದಾ ಹಿತ್ತಾಳೆಯವು.

ಇದೆಲ್ಲ ಈಗ ತಲೆಗೆ ಬಂದದ್ದು ಮೊಮ್ಮಗಳು ಸವಿತಾಳ ಕ್ಯಾಮೆರಾದಿಂದ. ಅವಳು ಧಾರವಾಡದ ಸಪ್ತಾಪುರದಲ್ಲಿ ಖೋಲಿ ಹಿಡಿದು ಕಾಲೇಜು ಕಲಿಯುವವಳು. ಹೋದ ರವಿವಾರ ಬಂದವಳೇ ನನ್ನ ಗುಂಡಿಯ ಡಬ್ಬಿ ಕೆಳಗಿಳಿಸಿದಳು. ನಾನು ಹಪ್ಪಳ ಒಣಹಾಕಲು ಹಾಸಿದ್ದ ಚಾಪೆಯ ಮೇಲೆ ಎಲ್ಲವನ್ನೂ ಸುರಿದು, ಹೊಟ್ಟೆಯ ಮೇಲೆ ಮಲಗಿ ಫೋಟೋ ತೆಗೆಯತೊಡಗಿದಳು. ಏನವ್ವಾ ಇದು ಎಂದರೆ, “ಅಜ್ಜಿ, ಸರಿ ಆಕಡೆ, ಬೆಳಕು ಹೋಗತೈತಿ” ಎಂದಳು. ನೆತ್ತಿಯ ಮೇಲಿನ ಬಿಸಿಲು. ಅದು ಎಲ್ಲಿಗೆ ಹೋಗುತ್ತದೆ?

ಅವಳ ಕಾಲೇಜಿನಲ್ಲಿ ಗುಂಡಿಯ ಫೋಟೋಗಳನ್ನು ಗೋಡೆಗೆ ಹಚ್ಚಿ ಜನರಿಗೆ ತೋರಿಸುತ್ತಾರಂತೆ. ಬರೀ ಅಂಗಿಯ ಗುಂಡಿ ಸಾಲದು, ಗುಂಡಿಯಂತೆ ಕಾಣುವುದೆಲ್ಲ ಬೇಕಂತೆ. ಮೊದಲು ತೆಗೆದ ಕೆಲವನ್ನು ತೋರಿಸಿದಳು. ಅರಳದ ಕುಸುಬೆಯ ಮೊಗ್ಗು. ನಾಚಿಕೆಮುಳ್ಳಿನ ಹೂವು. ಬಂಡೆಗೆ ಅಂಟಿಕೊಂಡ ಶಂಖದ ಹುಳ. ಒಂದು ಫೋಟೋದಲ್ಲಿ ಮಾತ್ರ ನನ್ನ ಕಣ್ಣು ನಿಂತಿತು. ಮುಂಗಾರಿನ ಮೊದಲ ಮಿರಗದ ಮಳೆ ಬಿದ್ದ ಮೇಲೆ ಎರೆ ಹೊಲದಲ್ಲಿ ಏಳುತ್ತದಲ್ಲ, ಮಖಮಲ್ಲಿನ ಕೆಂಪು ಹುಳ, ಅದು. ಕೂಸಿನ ಕುಂಚಿಗೆಯಿಂದ ಹರಿದುಬಿದ್ದ ಗುಂಡಿಯೇ ಸರಿ. ಚಿಕ್ಕವಳಿದ್ದಾಗ ಅಂಥದೊಂದನ್ನು ಹಿಡಿದು ಕಡ್ಡಿಪೆಟ್ಟಿಗೆಯಲ್ಲಿಟ್ಟು, ಜೊತೆಗಿರಲಿ ಎಂದು ಒಂದು ಕೆಂಪು ಗುಂಡಿಯನ್ನೂ ಹಾಕಿದ್ದೆ. ಮರುದಿನ ತೆರೆದು ನೋಡಿದರೆ ಹುಳ ಓಡಿಹೋಗಿತ್ತು. ಗುಂಡಿ ಇತ್ತು. ಆವತ್ತಿನಿಂದ ನನಗೆ ಗುಂಡಿಯ ಮೇಲೆಯೇ ನಂಬಿಕೆ ಹೆಚ್ಚು.

ಡಬ್ಬಿ ತುಂಬಿದ್ದು ಕೌದಿಯಿಂದ. ನಮ್ಮ ಕಡೆ ಹಳೆಯ ಅರಿವೆಯನ್ನು ಯಾರೂ ಎಸೆಯುವುದಿಲ್ಲ. ಹರಿದ ಅಂಗಿ, ಧೋತರ, ಸೀರೆ ಎಲ್ಲ ಕೂಡಿಸಿ ಕೌದಿ ಹೊಲಿಯುತ್ತೇವೆ. ಹೊಲಿಯುವ ಮೊದಲು ಅಂಗಿಯ ಗುಂಡಿ ಕಿತ್ತಿಡಬೇಕು. ಇಲ್ಲದಿದ್ದರೆ ಹೊದ್ದವರ ಬೆನ್ನಿಗೆ ಒತ್ತುತ್ತದೆ. ಹೀಗೆ ಸತ್ತವರ ಗುಂಡಿ, ಬದುಕಿದವರ ಗುಂಡಿ, ಎಲ್ಲ ಒಂದೇ ಡಬ್ಬಿಯಲ್ಲಿ ಕೂಡಿಬಿದ್ದವು. ನಮ್ಮ ಕಾಕಾ ರೈಲ್ವೆ ಕಾರಖಾನೆಗೆ ಹೋಗುತ್ತಿದ್ದ. ಅವನ ಕೋಟಿನ ಗುಂಡಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು ನನ್ನ ಪಾಲಿನ ಕೆಲಸವಾಗಿತ್ತು. ಸಿಂಪಿಯ, ಅಂದರೆ ಕಪ್ಪೆಚಿಪ್ಪಿನ ಗುಂಡಿಗಳಿದ್ದವು. ಬಿಸಿಲಿಗೆ ಹಿಡಿದರೆ ಒಳಗೆ ಪಾರಿವಾಳದ ಕುತ್ತಿಗೆಯ ಬಣ್ಣ ಕಾಣುತ್ತಿತ್ತು. ಎರಡು ತೂತಿನ ದೊಡ್ಡ ಗುಂಡಿ ಸಿಕ್ಕರೆ ದಾರ ಪೋಣಿಸಿ, ತಿರುವಿ, ಎರಡೂ ಕೈಯಿಂದ ಜಗ್ಗಿ ಗುಂಯ್ ಎನ್ನಿಸುತ್ತಿದ್ದೆವು. ನಮ್ಮ ತಮ್ಮ ಅದನ್ನು ನನ್ನ ಜಡೆಯ ಹತ್ತಿರ ತಂದು ಕೂದಲು ಸುತ್ತಿಸಿಬಿಟ್ಟ. ಅವ್ವ ಕತ್ತರಿ ಹಾಕಬೇಕಾಯಿತು. ಆ ವರ್ಷದ ಪಂಚಮಿಗೆ ಜೋಕಾಲಿ ಆಡಲು ಒಂದು ಗೇಣು ಜಡೆ ಕಟ್ಟಿಕೊಂಡು ಹೋದೆ.

ಹೆಂಗಸರ ಅರಿವೆಗೆ ಆಗ ಗುಂಡಿಯೇ ಇರಲಿಲ್ಲ. ನಮ್ಮ ಕುಪ್ಪಸಕ್ಕೆ ಮುಂದೆ ಗಂಟು. ಕಟ್ಟಿಕೋ, ಬಿಚ್ಚಿಕೋ. ಗುಂಡಿ ಎಂದರೆ ಗಂಡಸರ ಸಾಮಾನು. ಅಂಥದ್ದರಲ್ಲಿ ನನಗೆ ಗುಂಡಿಯ ವಿದ್ಯೆ ಹತ್ತಿದ್ದು ಮಗ್ಗುಲ ಮನೆಯ ಹುಸೇನಬಿಯಿಂದ. ನಾವು ಅವಳಿಗೆ ಚಾಚಿ ಅನ್ನುತ್ತಿದ್ದೆವು. ಅವಳ ಗಂಡ ದರ್ಜಿ. ಅದು ಬ್ರಿಟಿಷರ ದೊಡ್ಡ ಯುದ್ಧ ನಡೆದಿದ್ದ ಕಾಲ, ಹಳೇ ಹುಬ್ಬಳ್ಳಿಯ ಅವರ ಮನೆಯ ಕಟ್ಟೆಯ ಮೇಲೆ ಖಾಕಿ ಕೋಟು ರಾಶಿ ಬೀಳುತ್ತಿದ್ದವು. ಗಂಡ ಮಶೀನು ತುಳಿಯುತ್ತಿದ್ದ, ಚಾಚಿ ಕೈಯಿಂದ ಕಾಜ ಮಾಡುತ್ತಿದ್ದಳು. ಗುಂಡಿ ತೂರಿಸಲು ಅರಿವೆಯಲ್ಲಿ ಸೀಳು ಮಾಡಿ, ಎಳೆ ಬಿಚ್ಚದಂತೆ ಸುತ್ತ ದಾರದಿಂದ ಬಿಗಿಯುತ್ತಾರಲ್ಲ, ಅದೇ ಕಾಜ. ಸಾಲಿಯನ್ನು ನನಗೆ ಮೂರನೇ ಇಯತ್ತೆಗೇ ಬಿಡಿಸಿದ್ದರು. ಮನೆಗೆಲಸ ಮುಗಿದ ಮೇಲೆ ಚಾಚಿಯ ಎದುರು ಕುಳಿತು ನಾನೂ ಕಾಜ ಮಾಡುತ್ತಿದ್ದೆ. ಅಲ್ಲಿ ನೀರು ಕುಡಿಯಬಾರದು, ಮನೆಗೆ ಬಂದ ಕೂಡಲೇ ಕೈಕಾಲು ತೊಳೆಯಬೇಕು ಎಂದು ಆಯಿಯ ಕಟ್ಟಳೆ. ಆಯಿ ಎಂದರೆ ಅಪ್ಪನ ತಾಯಿ. ಕೈಕಾಲು ತೊಳೆಯುತ್ತಿದ್ದೆ. ನೀರಿನ ಮಾತು ಬೇಡ, ಚಾಚಿಯ ಮನೆಯ ಗಡಿಗೆಯ ನೀರು ಬಹಳ ತಂಪಾಗಿರುತ್ತಿತ್ತು.

ಚಾಚಿ ಕಲಿಸಿದ ಮೊದಲ ಪಾಠ ಒಂದೇ. ಗಂಡಸರ ಅಂಗಿಗೆ ಕಾಜ ಎಡಕ್ಕೆ, ಗುಂಡಿ ಬಲಕ್ಕೆ. ತೊಟ್ಟವನ ಎಡ, ತೊಟ್ಟವನ ಬಲ. ಕಿಸೆ ಎಡ ಎದೆಯ ಮೇಲೆ. ಮಗ್ಗಿ ಮರೆತರೂ ಇದನ್ನು ಮರೆಯಬಾರದು ಎನ್ನುತ್ತಿದ್ದಳು. ಮಗ್ಗಿಯನ್ನು ನಾನು ಆಗಲೇ ಮರೆತಿದ್ದೆ.

ನನಗೆ ಸಂಬಂಧ ನೋಡತೊಡಗಿದ್ದು ಆ ದಿನಗಳಲ್ಲಿಯೇ. ಎರಡು ಕಡೆಯ ಮಾತು ಬಂದಿತ್ತು. ಒಂದು ಶಿರಗುಪ್ಪಿಯದು. ಹೊಲಮನೆ ಜೋರಾಗಿತ್ತು, ವರನ ಮೊದಲ ಹೆಂಡತಿ ತೀರಿಹೋಗಿದ್ದಳು. ಆತನ ಹಿರಿಯ ಮಗಳು ನನ್ನ ವಾರಿಗೆಯವಳು. ಅವಳಿಗೆ ನಾನು ಅವ್ವ ಆಗಬೇಕಿತ್ತು. ಇನ್ನೊಂದು ಇಲ್ಲೇ ದುರ್ಗದಬೈಲಿನದು. ಕಿರಾಣಿ ಅಂಗಡಿ, ಒಬ್ಬನೇ ಮಗ, ಮೊದಲನೇ ಸಂಬಂಧ. ದುರ್ಗದಬೈಲಿನವರು ಸ್ವಲ್ಪ ಹೊಸ ರೀತಿಯವರು. ಹುಡುಗನ ಫೋಟೋ ತೆಗೆಸಿ, ಮಧ್ಯಸ್ಥರ ಕೈಯಲ್ಲಿ ಕೊಟ್ಟುಕಳಿಸಿದರು. ನಮ್ಮ ಓಣಿಯಲ್ಲಿ ವರನ ಫೋಟೋ ಬಂದ ಮೊದಲ ಮನೆ ನಮ್ಮದೇ.

ಫೋಟೋ ನೋಡಲು ಓಣಿಯೆಲ್ಲ ಬಂತು. ನನ್ನೊಬ್ಬಳನ್ನು ಬಿಟ್ಟು. ಹುಡುಗ ಕುರ್ಚಿಯ ಮೇಲೆ ಕುಳಿತಿದ್ದ. ಮುಚ್ಚುಗೊರಳಿನ ಕೋಟು, ತಲೆಗೆ ರುಮಾಲು, ಮುಂದೆ ದುಂಡು ಮೇಜು, ಮೇಜಿನ ಮೇಲೆ ಕಾಗದದ ಹೂವು. ಕಲಿತವನೆಂದು ತೋರಲಿ ಎಂದು ಕೈಯಲ್ಲೊಂದು ಪೆನ್ನು ಕೊಟ್ಟು ಬರೆಯುವಂತೆ ಕುಳ್ಳಿರಿಸಿದ್ದರು. ಎಲ್ಲರೂ ಛಲೋ ಇದ್ದಾನೆ, ಛಲೋ ಇದ್ದಾನೆ ಎಂದರು. ಕೊನೆಗೆ ಆಯಿಯ ಕೈಗೆ ಫೋಟೋ ಹೋಯಿತು. ಆಕೆ ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

“ಪೆನ್ ಎಡಗೈಯಾಗ ಐತೆಲ್ಲೋ,” ಎಂದಳು. “ಹುಡುಗ ಎಡಚ ಅದಾನ.”

ಎಲ್ಲರೂ ಮತ್ತೆ ನೋಡಿದರು. ಎಡಗೈಯೇ.

ಎಡಗೈಯಾದರೆ ಏನಾಯಿತು ಎಂದು ಇಂದಿನವರು ಕೇಳುತ್ತೀರಿ. ನಮ್ಮಪ್ಪನೂ ಹಾಗೆಯೇ ಕೇಳಿದ. ಲಿಂಗವನ್ನು ನಾವು ಎಡಗೈಯಲ್ಲಿ ಇಟ್ಟುಕೊಂಡೇ ಪೂಜೆ ಮಾಡುತ್ತೇವಲ್ಲ, ಎಡಗೈ ಅಷ್ಟು ಕೆಟ್ಟದ್ದೇನು ಎಂದ. ಆಯಿ ಅವನನ್ನು ಅಲ್ಲೇ ಹಿಡಿದಳು.

“ಲಿಂಗ ಎಡಗೈಯಾಗ ಯಾಕ ಹಿಡಿತೀವಿ? ಬಲಗೈಲೆ ಪತ್ರಿ ಏರ್ಸಾಕ. ಎಡಚ ಎಡಗೈಲೆ ಪತ್ರಿ ಏರಸ್ತಾನ. ಹಂಗಾದ್ರ ಲಿಂಗ ಯಾವ ಕೈಯಾಗ ಹಿಡೀಬೇಕಪಾ ಅಂವ? ಹೇಳು.”

ಕಾಕಾ ಅಂಗಡಿಯ ಮಾತು ತೆಗೆದ. ಮುಂಜಾನೆಯ ಬೋಣಿಗೆಯನ್ನು ಎಡಗೈಯಿಂದ ಕೊಟ್ಟರೆ ದುರ್ಗದಬೈಲಿನಲ್ಲಿ ಯಾವ ಗಿರಾಕಿ ತಗೊಳ್ಳುತ್ತಾನೆ? ಇಂದು ಬಂದವನು ನಾಳೆ ಬರುವುದಿಲ್ಲ, ಅಪ್ಪ ಇರುವತನಕ ಅಂಗಡಿ ನಡೆಯುತ್ತದೆ, ಮಗನ ಕೈಗೆ ಬಂದ ಮೇಲೆ ಮುಚ್ಚುತ್ತದೆ ಎಂದ. ಸೋಮವಾರ ಶಿರಗುಪ್ಪಿಯವರಿಗೆ ಮಾತು ಕೊಟ್ಟುಬಿಡೋಣ ಎಂದು ಆಯಿ ಹೇಳಿದಳು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ಒಂದು ಕ್ಷಣ ನಿಲ್ಲಿಸಿದಳು, ಮತ್ತೆ ಬಡಿದಳು. ಆಗಿನ ಸೊಸೆಯಂದಿರ ಮಾತು ಅಷ್ಟೇ ಇರುತ್ತಿತ್ತು.

ಫೋಟೋವನ್ನು ದೇವರ ಮಾಡದಲ್ಲಿ ಇಟ್ಟಿದ್ದರು. ಮರುದಿನ ಕಸ ಹೊಡೆಯುವಾಗ ನಾನು ತೆಗೆದು ನೋಡಿದೆ. ನನ್ನ ಬದುಕು ಹಾಳು ಮಾಡುವ ಕೈ ಯಾವುದು, ಅದನ್ನಾದರೂ ನೋಡೋಣ ಎಂದು. ಕೈ ನೋಡಿದೆ, ಕೈಯಿಂದ ತೋಳಿಗೆ ಹೋದೆ, ತೋಳಿನಿಂದ ಎದೆಗೆ ಬಂದೆ. ಅಲ್ಲಿಗೆ ಕಣ್ಣು ಸಿಕ್ಕಿಬಿತ್ತು. ಖಾಕಿ ಕೋಟು ತೊಡೆಯ ಮೇಲೆ ಹಾಕಿಕೊಂಡು ದಿನವೆಲ್ಲ ಕಾಜ ಮಾಡುವವಳ ಕಣ್ಣು ಮತ್ತೆಲ್ಲಿಗೆ ಹೋದೀತು? ಕೋಟಿನ ಕಾಜ ಬಲಕ್ಕಿತ್ತು. ಗುಂಡಿ ಎಡಕ್ಕೆ. ಕಿಸೆಯೂ ಬಲ ಎದೆಯ ಮೇಲೆ. ಯಾವ ದರ್ಜಿ ಹೀಗೆ ಹೊಲಿಯುತ್ತಾನೆ?

ಫೋಟೋ ಸೆರಗಿನಲ್ಲಿ ಮುಚ್ಚಿಕೊಂಡು ಚಾಚಿಯ ಕಡೆಗೆ ಓಡಿದೆ. ಚಾಚಿ ಸೂಜಿಯನ್ನು ಕೋಟಿಗೆ ಚುಚ್ಚಿ ನಿಲ್ಲಿಸಿ, ಫೋಟೋ ಹಿಡಿದು ನೋಡಿ, ನಕ್ಕಳು. ಇದನ್ನು ಹೊಲಿದವನು ಕುಡಿದಿರಬೇಕು, ಇಲ್ಲ ಇದನ್ನು ತೆಗೆದವನು ಕುಡಿದಿರಬೇಕು ಎಂದಳು. ಅವಳ ಗಂಡ ಮಶೀನಿನ ಮೇಲಿಂದಲೇ ಬಗ್ಗಿ ನೋಡಿ, ಫೋಟೋವನ್ನು ಗಾಜಿನ ಮೇಲೆ ತೆಗೆದು ಆಮೇಲೆ ಕಾಗದಕ್ಕೆ ಇಳಿಸುತ್ತಾರೆ, ಗಾಜಿನ ಮಗ್ಗುಲು ತಿರುವಿದರೆ ಎಲ್ಲ ತಿರುವುತ್ತದೆ, ಮತ್ತೇನೂ ಇಲ್ಲ ಎಂದ. ಅಷ್ಟು ಹೇಳಿ ಮತ್ತೆ ತುಳಿಯತೊಡಗಿದ. ನನ್ನ ತಲೆಯೊಳಗೂ ಮಶೀನು ತಿರುಗತೊಡಗಿತ್ತು.

ಇದನ್ನು ಮನೆಯಲ್ಲಿ ಹೇಳುವುದು ಹೇಗೆ? ಹೇಳಿದರೆ ಫೋಟೋ ನೋಡಿದ್ದು ಗೊತ್ತಾಗುತ್ತದೆ. ನೋಡಿದ್ದಷ್ಟೇ ಅಲ್ಲ, ಗುಂಡಿಯವರೆಗೆ ಹತ್ತಿರದಿಂದ ನೋಡಿದ್ದು ಗೊತ್ತಾಗುತ್ತದೆ. ಮದುವೆಗೆ ಮೊದಲು ವರನ ಎದೆಯನ್ನು ದಿಟ್ಟಿಸಿ ನೋಡಿದ ಹುಡುಗಿ ಎಂದು ಓಣಿಯಲ್ಲಿ ಹೆಸರು ಬೀಳುತ್ತದೆ. ಸುಮ್ಮನಿದ್ದರೆ ಸೋಮವಾರ ಬರುತ್ತದೆ. ಶಿರಗುಪ್ಪಿಗೆ ಹೋಗಿ ನನ್ನ ವಾರಿಗೆಯವಳ ಜಡೆ ಹೆಣೆದು, ಅವಳಿಂದ ಅವ್ವ ಅನ್ನಿಸಿಕೊಳ್ಳಬೇಕು. ನಾನು ಬಹಳ ವಿಚಾರ ಮಾಡುವವಳಲ್ಲ. ಸಂಜೆ ಅಪ್ಪ, ಕಾಕಾ, ಆಯಿ ಪಡಸಾಲೆಯಲ್ಲಿ ಕುಳಿತಾಗ ಒಂದು ಕೈಯಲ್ಲಿ ಫೋಟೋ, ಒಂದು ಕೈಯಲ್ಲಿ ಅಪ್ಪನ ಗಡ್ಡ ಕೆರೆಯುವ ಕನ್ನಡಿ ಹಿಡಿದು ಹೋಗಿ ನಿಂತೆ.

“ಇದರಾಗ ಕಾಜ ತಿರುವ್ಯಾವ್ರಿ,” ಎಂದೆ. “ಫೋಟೋ ತಿರುವೈತಿ. ಹುಡುಗ ಎಡಚ ಅಲ್ಲ.”

ಆಯಿ ಫೋಟೋದ ಮಾತು ಕೇಳಲೇ ಇಲ್ಲ.

“ಹುಡುಗನ ಮಾರಿ ನೋಡಿದೇನ ನೀ?”

“ಮಾರಿ ನೋಡಿಲ್ಲ. ಗುಂಡಿ ನೋಡೀನಿ.”

“ಗುಂಡಿ ನೋಡ್ಯಾಳಂತ. ಕೇಳ್ರೆಪಾ. ನಮ್ಮ ಮನಿ ಹೆಣ್ಣಮಗಳು ಗಂಡಸರ ಗುಂಡಿ ನೋಡ್ಯಾಳಂತ.”

ನಾನು ಫೋಟೋವನ್ನು ಕನ್ನಡಿಯ ಎದುರು ಹಿಡಿದೆ. ಕನ್ನಡಿಯೊಳಗೆ ಕಾಜ ಎಡಕ್ಕೆ ಬಂತು, ಗುಂಡಿ ಬಲಕ್ಕೆ ಬಂತು, ಕಿಸೆ ತನ್ನ ಜಾಗಕ್ಕೆ ಬಂತು, ಪೆನ್ನು ಬಲಗೈಗೆ ಬಂತು. ಅಪ್ಪ ಬಗ್ಗಿ ನೋಡಿದ. ಆಯಿ ಮಾತ್ರ ಕನ್ನಡಿಯಲ್ಲಿ ಎಲ್ಲವೂ ತಿರುವಿಯೇ ಕಾಣುತ್ತದೆ, ಅದನ್ನು ನಂಬಿ ಹೆಣ್ಣು ಕೊಡಲಿಕ್ಕಾಗುತ್ತದೆಯೇ ಎಂದಳು. ಅದೂ ಸುಳ್ಳಲ್ಲ. ಆದರೆ ನನ್ನ ಕಾಲ ಕೆಳಗಿನ ನೆಲ ತೆಗೆದದ್ದು ಕಾಕಾ. ಅವನು ಗಡ್ಡ ತುರಿಸಿಕೊಂಡು ಹೇಳಿದ:

“ಎಡಚ ಇದ್ದಾನ ಅಂತನ ದರ್ಜಿ ಎಡಚ ಕೋಟ ಹೊಲದಿರಬೇಕು. ಎಡಗೈಲೆ ಗುಂಡಿ ಹಾಕ್ಕೊಳ್ಳಾಕ ಅನುಕೂಲ ಆಗಲಿ ಅಂತ.”

ಚಾಚಿ ಇದನ್ನು ಹೇಳಿಕೊಟ್ಟಿರಲಿಲ್ಲ. ಪಡಸಾಲೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಎಡಚನಿಗೆ ಎಡಚ ಕೋಟು, ಸರಿಯಾಗಿಯೇ ಇದೆ ಎನ್ನಿಸಿತು. ಒಂದು ಗಳಿಗೆ ನನಗೂ ಹಾಗೇ ಎನ್ನಿಸಿತು. ಫೋಟೋ ಮಾಡಕ್ಕೆ ಹೋಯಿತು, ಕನ್ನಡಿ ಗೋಡೆಗೆ ಹೋಯಿತು, ನಾನು ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಹಿಂಡಿ ಕಲಸಿದೆ. ಅತ್ತುಬಿಟ್ಟೆ ಎಂದು ಹೇಳಲೇ? ಅಳಲಿಲ್ಲ. ಹಿಂಡಿಗೆ ಉಪ್ಪು ಹೆಚ್ಚು ಹಾಕಿಬಿಟ್ಟೆ, ಎಮ್ಮೆ ರಾತ್ರಿಯೆಲ್ಲ ನೀರು ಕೇಳಿತು.

ಅಪ್ಪ ಹೆಚ್ಚು ಮಾತಿನವನಲ್ಲ. ಹತ್ತಿ ವ್ಯಾಪಾರದವನು, ಅರಳೆಯನ್ನು ಕೈಯಲ್ಲಿ ಹಿಡಿದು ಎಳೆದು ನೋಡದೆ ಯಾರ ಮಾತನ್ನೂ ನಂಬಿದವನಲ್ಲ. ಮರುದಿನ ಯಾರಿಗೂ ಹೇಳದೆ ದುರ್ಗದಬೈಲಿಗೆ ಹೋದ. ಹುಡುಗನ ಅಂಗಡಿಯ ಮುಂದೆ ಗಿರಾಕಿಯ ಹಾಗೆ ನಿಂತು ಬೆಲ್ಲ ಕೇಳಿದ. ಆಳು ತೂಗಿದ, ಹುಡುಗ ಪೊಟ್ಟಣ ಕೊಟ್ಟ. ಯಾವ ಕೈಯಲ್ಲಿ? ಎರಡೂ ಕೈಯಲ್ಲಿ. ಹಿರಿಯರಿಗೆ ಒಂದೇ ಕೈಯಲ್ಲಿ ಏನನ್ನೂ ಕೊಡಬಾರದೆಂದು ಅವನ ತಾಯಿ ಕಲಿಸಿದ್ದಳಂತೆ. ಅಪ್ಪ ಜೀರಿಗೆ ಕೇಳಿದ. ಎರಡೂ ಕೈ. ಇಂಗು ಕೇಳಿದ. ಸಾಸಿವೆ ಕಾಳಿನಷ್ಟು ಇಂಗನ್ನೂ ಹುಡುಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

“ಮತ್ತೇನ ಬೇಕ್ರಿ ಕಾಕಾರ?” ಎಂದು ಕೇಳಿದ.

ಅಪ್ಪನಿಗೆ ಬೇಕಾದದ್ದು ಅಂಗಡಿಯಲ್ಲಿ ಮಾರುವ ಸಾಮಾನಾಗಿರಲಿಲ್ಲ. ಹಿಂದಿರುಗಬೇಕು ಎನ್ನುವಾಗ ಒಳಗೆ ಗೂಟಕ್ಕೆ ತೂಗುಹಾಕಿದ್ದ ಕೋಟು ಕಂಡಿತು. ಫೋಟೋದಲ್ಲಿದ್ದದ್ದೇ. ಹಿತ್ತಾಳೆ ಗುಂಡಿ, ಮುಚ್ಚುಗೊರಳು. ಅರಿವೆ ಛಲೋ ಇದೆಯಲ್ಲ, ಎಲ್ಲಿ ತಂದಿರಿ, ಸ್ವಲ್ಪ ಮುಟ್ಟಿ ನೋಡಲೇ ಎಂದು ಕೇಳಿದ. ಹುಡುಗ ಕೋಟು ತೆಗೆದು ಅದನ್ನೂ ಎರಡೂ ಕೈಯಲ್ಲಿ ಕೊಟ್ಟ. ಅಪ್ಪ ಅರಿವೆ ಮುಟ್ಟುವ ನೆಪದಲ್ಲಿ ಕಾಜ ಯಾವ ಕಡೆಗಿವೆ ನೋಡಿದ.

ಈ ಸಂಗತಿಯನ್ನು ಮದುವೆಯಾಗಿ ಎಷ್ಟೋ ದಿನದ ಮೇಲೆ ನಮ್ಮ ಯಜಮಾನರು ತಮ್ಮ ಕಡೆಯಿಂದ ಹೇಳಿದರು. ಬಂದವರು ಹೆಣ್ಣಿನ ತಂದೆ ಎಂದು ಬೆಲ್ಲ ಕೇಳಿದಾಗಲೇ ಗುರುತು ಹತ್ತಿತ್ತಂತೆ. ಏಕೆ ಬಂದರೆಂಬುದು ಮಾತ್ರ ತಿಳಿಯಲಿಲ್ಲವಂತೆ. ತೂಕದಲ್ಲಿ ಮೋಸ ಇದೆಯೋ ಎಂದು ನೋಡಲು ಬಂದಿದ್ದಾರೆ ಎಂದುಕೊಂಡು ಆಳಿಗೆ ಕಣ್ಣು ಮಾಡಿ ಬೆಲ್ಲ ತುಸು ಹೆಚ್ಚೇ ತೂಗಿಸಿದರಂತೆ. ಕೋಟು ಕೇಳಿದಾಗ, ಮಾವನಾಗುವವನಿಗೆ ತಲೆ ಸರಿ ಇಲ್ಲ, ಈ ಸಂಬಂಧ ಬೇಡ ಎಂದು ತಾಯಿಗೆ ಹೇಳಬೇಕೆಂದಿದ್ದರಂತೆ. ಹೇಳಬೇಕಿತ್ತು ಎಂದು ಆಗಾಗ ನನ್ನ ಮುಂದೆ ಅನ್ನುತ್ತಿದ್ದರು. ನಾನು ಅವರಿಗೆ ಚಹಾದಲ್ಲಿ ಸಕ್ಕರೆ ಹಾಕುತ್ತಿರಲಿಲ್ಲ, ಆವತ್ತು.

ಅಪ್ಪ ಮನೆಗೆ ಬಂದು ಬೆಲ್ಲ, ಜೀರಿಗೆ, ಇಂಗು ಅವ್ವನ ಮುಂದಿಟ್ಟ. ಇವೆಲ್ಲ ಮನೆಯಲ್ಲಿ ಇದ್ದವು. ಅವ್ವ ಎತ್ತಿ ಡಬ್ಬಿಗೆ ಹಾಕಿದಳು. ಅಪ್ಪ ಪಡಸಾಲೆಗೆ ಬಂದು ಕುಳಿತು, ಆಯಿಗೆ ಕೇಳಿಸುವಂತೆ, ಆದರೆ ನನ್ನ ಕಡೆಗೆ ನೋಡುತ್ತ ಹೇಳಿದ:

“ಕಾಜ ಎಡಕ್ಕ ಅದಾವ.”

ನನ್ನ ಬದುಕಿನಲ್ಲಿ ಇದಕ್ಕಿಂತ ಒಳ್ಳೆಯ ಮಾತನ್ನು ಯಾರೂ ನನಗೆ ಹೇಳಿಲ್ಲ. ಕೋಟು ಎಲ್ಲರ ಕೋಟಿನಂತೆಯೇ ಇತ್ತು. ತಿರುವಿದ್ದು ಫೋಟೋ. ಕಾಕಾನ ಎಡಚ ಕೋಟಿನ ದರ್ಜಿ ಅಲ್ಲಿಗೆ ಸತ್ತ. ಆಯಿ, ಹಾಗಾದರೆ ಲಿಂಗ ಎಡಗೈಯಲ್ಲಿಯೇ ಹಿಡಿಯುತ್ತಾನೆ ಅನ್ನು ಎಂದಳು. ಅದೇ ಅವಳ ಒಪ್ಪಿಗೆ. ಅಪ್ಪ ಮಧ್ಯಸ್ಥರನ್ನು ಕರೆಸಿ ನಮ್ಮ ಕಡೆಯಿಂದ ಹೂಂ ಎಂದು ಹೇಳಿಸಿದ. ಹೇಳಿಸುವಾಗ ನಡೆದದ್ದನ್ನೆಲ್ಲ ಹೇಳಿಬಿಟ್ಟ. ಮಾತು ಕಡಿಮೆ ಇರುವ ಮನುಷ್ಯ ಒಮ್ಮೆ ಬಾಯಿ ತೆರೆದರೆ ಎಲ್ಲಿ ಮುಚ್ಚಬೇಕೆಂದು ಅವನಿಗೆ ಗೊತ್ತಿರುವುದಿಲ್ಲ.

ಅಂದೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಧ್ಯಸ್ಥರು ತಿರುಗಿ ಬಂದರು. ಹುಡುಗನ ತಾಯಿ ಒಂದು ಮಾತು ಹೇಳಿ ಕಳಿಸಿದ್ದಳು. “ನಮ್ಮ ಹುಡುಗನ ಕೋಟಿನ ಕಾಜ ಸೈತ ನೋಡ್ಯಾರಂತ. ಇನ್ನ ಅವರ ಹುಡುಗಿ ಫೋಟೋ ನಾವೂ ನೋಡೂನು. ಆಮ್ಯಾಲೆ ಮಾತು.”

ಪಡಸಾಲೆ ಮತ್ತೆ ಗರಂ ಆಯಿತು. ಹೆಣ್ಣುಮಗಳ ಫೋಟೋ ಮಂದಿಯ ಮನೆಗೆ ಹೋಗುವುದೆಂದರೇನು? ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದಳು ಆಯಿ. ಗಂಡಿನ ಆಯುಷ್ಯದ ಮಾತು ಅವಳಿಗೆ ನೆನಪಾಗಿರಲಿಲ್ಲ. ಕಾಕಾ, ಇವರು ಬಹಳ ಏರಿಬಂದರು, ಶಿರಗುಪ್ಪಿಯವರೇ ಛಲೋ, ಫೋಟೋ ಗೀಟೋ ಕೇಳುವುದಿಲ್ಲ ಎಂದ. ಸೋಮವಾರ ಇನ್ನೂ ಮುಂದೆಯೇ ಇತ್ತು. ಆಗ ಅಪ್ಪ ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಮಾಡದ ಕೆಲಸ ಮಾಡಿದ. ತಿರುಗಿ ನನ್ನನ್ನು ಕೇಳಿದ.

“ನೀ ಏನಂತೀವಾ, ನೀಲವ್ವ?”

“ಹೋಗ್ತೀನ್ರಿ,” ಎಂದೆ.

ಮರುದಿನ ಬೆಳಿಗ್ಗೆ ಎದ್ದು, ಎಮ್ಮೆ ಹಿಂಡಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಅವ್ವನ ಇಳಕಲ್ಲ ಸೀರೆ ಉಟ್ಟು ಅಪ್ಪನ ಹಿಂದೆ ನಡೆದೆ. ಹುಬ್ಬಳ್ಳಿಯಲ್ಲಿ ನಮಗೆ ಗೊತ್ತಿದ್ದ ಫೋಟೋದವನು ಒಬ್ಬನೇ, ಹುಡುಗನ ಫೋಟೋ ತೆಗೆದವನೇ. ಅವನು ನನ್ನನ್ನು ಕುರ್ಚಿಯ ಮೇಲೆ ಕುಳ್ಳಿರಿಸಿದ, ಗದ್ದ ಎತ್ತಲು ಹೇಳಿದ, ಉಸಿರು ಹಿಡಿಯಲು ಹೇಳಿದ, ಡಬ್ಬಿಯ ಗಾಜಿನ ಕಣ್ಣನ್ನೇ ನೋಡಲು ಹೇಳಿದ. ನಾನು ಅವನನ್ನೇ ನೋಡಿದೆ.

“ಮೂಗುಬಟ್ಟು ಎಡಕ್ಕ ಐತ್ರಿ,” ಎಂದೆ. “ಬಲಕ್ಕ ಬಂತಂದ್ರ ಮತ್ತ ಬರ್ತೇನಿ.”

ಅವನು ಅಪ್ಪನ ಮುಖ ನೋಡಿದ. ಅಪ್ಪ ಗೋಡೆಯ ಕಡೆಗೆ ನೋಡುತ್ತಿದ್ದ. ಅವನು ಗಾಜನ್ನು ಕತ್ತಲೆ ಖೋಲಿಗೆ ಒಯ್ದು, ಈ ಮಗ್ಗುಲು ಆ ಮಗ್ಗುಲು ಬೆರಳಿನಿಂದ ಮುಟ್ಟಿ ನೋಡಿ, ತಂದು ಮತ್ತೆ ಹಾಕಿದ. ಆಮೇಲೆ ಕರಿ ಅರಿವೆಯೊಳಗೆ ತಲೆ ತೂರಿಸಿದ. ನಾನು ಉಸಿರು ಹಿಡಿದೆ.